ಎಸ್.ಪಿ. ರಸ್ತೆಯಲ್ಲಿ ಮೂರು ದಿನ

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ದಾರಿ ಕೇಳುವ ಪ್ರಮೇಯವು ಒಂದು ಕಾಲಕ್ಕೆ ಕಡಿಮೆಯಿದ್ದಿರಬೇಕು. ಅಕ್ಕಿ ಬೇಕಾದವರು ಅಕ್ಕಿಪೇಟೆಗೆ, ಬಳೆ ಬೇಕಾದವರು ಬಳೇಪೇಟೆಗೆ, ಅರಳೆ ಬೇಕಾದವರು ಅರಳೇಪೇಟೆಗೆ ಹೋಗುತ್ತಿದ್ದರು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆಗಳು ತಮ್ಮಲ್ಲಿ ನೆಲೆಸಿದ್ದವರ ಕಸುಬನ್ನು ಹೆಸರಿನಲ್ಲಿಯೇ ಸಾರುತ್ತಿದ್ದವು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನ ಈ ಪರಿಪಾಠವನ್ನು ನಮ್ಮ ಕಾಲದವರು ಮುಂದುವರಿಸಿದ್ದರೆ, ನಗರ್ತಪೇಟೆಯ ಮಗ್ಗುಲಿಗೆ ಇರುವ ಎಸ್.ಪಿ. ರಸ್ತೆಗೆ 'ಗಣಕಪೇಟೆ' ಎಂಬ ಹೆಸರೇ ಸಲ್ಲುತ್ತಿತ್ತು. ಹಿರಿಯರೊಬ್ಬರ ಹೆಸರನ್ನು ಹೊತ್ತ ಈ ಬೀದಿಯನ್ನು ಅಂಗಡಿಕಾರರೂ ಆಟೋ ಚಾಲಕರೂ ಎರಡು ಅಕ್ಷರಗಳಿಗೆ ಇಳಿಸಿ ಎಸ್.ಪಿ. ರೋಡ್ ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯುತ್ತೇವೆ.

ಉತ್ತರ ಕರ್ನಾಟಕದಿಂದ ಬರುವವರಿಗೆ ಈ ಬೀದಿ ದೂರವಲ್ಲ. ರಾತ್ರಿ ಧಾರವಾಡದಲ್ಲಿ ರಾಣಿ ಚೆನ್ನಮ್ಮ ಗಾಡಿಯನ್ನು ಹಿಡಿದರೆ ಮುಂಜಾನೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ. ಅಲ್ಲಿಂದ ಮೆಜೆಸ್ಟಿಕ್‌ನ ಮೆಟ್ರೋ ನಿಲ್ದಾಣಕ್ಕೆ ನಡೆದು, ಹಸಿರು ಮಾರ್ಗದ ಗಾಡಿಯನ್ನೇರಿದರೆ ಚಿಕ್ಕಪೇಟೆಯ ನಂತರದ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ. ನೆಲದೊಳಗಿನ ಈ ಮಾರ್ಗವು 2017ರ ಜೂನ್ ತಿಂಗಳಲ್ಲಿ ತೆರೆದುಕೊಂಡಿತು. ಅದಕ್ಕೆ ಮುಂಚೆ ಇದೇ ದಾರಿಯನ್ನು ಸಿಟಿ ಬಸ್ಸಿನಲ್ಲಿ ಕ್ರಮಿಸಿದವರಿಗೆ ಈ ಹತ್ತು ನಿಮಿಷಗಳ ಬೆಲೆ ಚೆನ್ನಾಗಿ ಗೊತ್ತು. ಹೊರಗೆ ಬಂದರೆ ಹೂವಿನ ವಾಸನೆ, ಕೈಗಾಡಿಗಳ ಕೂಗು, ಕೊಳೆತ ಎಲೆಗಳ ಮೇಲೆ ಜಾರುವ ಕಾಲು. ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿದಾಗ ಆ ಮೊದಲ ದೀಪಗಳು ಹೊತ್ತಿದ್ದು ಈ ಮಾರುಕಟ್ಟೆಯ ಸುತ್ತಿನಲ್ಲಿಯೇ. ವಿದ್ಯುತ್ತಿನ ವಸ್ತುಗಳ ವ್ಯಾಪಾರವು ಇದೇ ಆಸುಪಾಸಿನಲ್ಲಿ ಬೇರೂರಿರುವುದು ಕಾಕತಾಳೀಯವೋ ಏನೋ, ನಮಗಂತೂ ಒಪ್ಪುವ ಮಾತಾಗಿ ಕಂಡಿತು.

ಮಾರುಕಟ್ಟೆಯಿಂದ ಪುರಭವನದ ದಿಕ್ಕಿಗೆ ನಡೆದು ಎಡಕ್ಕೆ ಹೊರಳಿ ಹತ್ತಾರು ತಿರುವುಗಳನ್ನು ದಾಟಿದರೆ, ತಂತಿಯ ಸುರುಳಿಗಳೂ ನೀರೆತ್ತುವ ಪಂಪುಗಳೂ ಕಬ್ಬಿಣದ ಸಾಮಾನುಗಳೂ ಹಿಂದೆ ಸರಿದು, ಅಂಗಡಿಗಳ ಮುಂಭಾಗದಲ್ಲಿ ಕೀಲಿಮಣೆಗಳು ತೋರಣದಂತೆ ತೂಗಾಡತೊಡಗುತ್ತವೆ. ಒಂದಾಳು ಓರೆಯಾಗಿ ನಿಂತರೆ ತುಂಬಿಹೋಗುವ ಅಂಗಡಿಗಳು. ಅವುಗಳ ನಡುವೆ ಮಹಡಿಗೆ ಏರುವ ಕಡಿದಾದ ಮೆಟ್ಟಿಲುಗಳು. ಮೇಲೆ ಮತ್ತೆ ಅಂಗಡಿಗಳು. ಕರಗದ ಧರ್ಮರಾಯಸ್ವಾಮಿಯ ಗುಡಿ ಇಲ್ಲಿಂದ ಕೂಗಳತೆಯಲ್ಲಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಈ ಪೇಟೆಗಳೆಲ್ಲ ಬೇರೆಯೇ ಲೋಕವಾಗುತ್ತವೆಂದು ಕೇಳಿದ್ದೇವೆ. ನಾವು ಹೋದದ್ದು ಶ್ರಾವಣದಲ್ಲಿ, ಜಿಟಿಜಿಟಿ ಮಳೆಯಲ್ಲಿ, ಒಂದು ಹಳೆಯ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಎದೆಗವಚಿಕೊಂಡು.

ಆ ಲ್ಯಾಪ್‌ಟಾಪಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 2020ರಲ್ಲಿ ಶಾಲಾ ಕಾಲೇಜುಗಳೆಲ್ಲ ಬಾಗಿಲು ಮುಚ್ಚಿ ಪಾಠಗಳು ಪರದೆಯ ಮೇಲೆ ಬರತೊಡಗಿದಾಗ, ನಮ್ಮ ತಂಗಿಯು ತನ್ನ ಬಿಲ್ವರಗಳನ್ನು ಒತ್ತೆಯಿಟ್ಟು ಮಗನಿಗೆ ಅದನ್ನು ಕೊಡಿಸಿದಳು. ಆ ವರ್ಷ ಎಷ್ಟು ಮನೆಗಳಲ್ಲಿ ಹೀಗಾಯಿತೆಂಬುದು ವಾಚಕರಿಗೆ ನಾವು ತಿಳಿಸಬೇಕಾದ ಸಂಗತಿಯಲ್ಲ. ಹುಡುಗ ಅದರಲ್ಲಿಯೇ ಡಿಪ್ಲೊಮಾ ಮುಗಿಸಿದ, ನೌಕರಿ ಹಿಡಿದ, ಮೊದಲ ವರ್ಷದ ಸಂಬಳದಲ್ಲಿ ತಾಯಿಯ ಬಿಲ್ವರಗಳನ್ನು ಬಿಡಿಸಿ ತಂದ. ಲ್ಯಾಪ್‌ಟಾಪು ಅವನ ತಂಗಿಯ ಪಾಲಿಗೆ ಬಂತು. ಆಕೆ ಈಗ ಬೆಂಗಳೂರಿನ ಹಾಸ್ಟೆಲೊಂದರಲ್ಲಿದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಯಂತ್ರದ ಒಳಗು ಚೆನ್ನಾಗಿತ್ತು. ಹೊರಗು ಮಾತ್ರ, ನಮ್ಮ ತಂಗಿಯ ಮಾತಿನಲ್ಲಿ ಹೇಳುವುದಾದರೆ, ಸಂತೆಯಿಂದ ತಿರುಗಿ ಬಂದ ಬುಟ್ಟಿಯಂತಾಗಿತ್ತು. ಮುಚ್ಚಳದ ಮೇಲೆ ಚೀಲದ ಜಿಪ್ಪು ಎಳೆದ ಗೆರೆಗಳು. ಮೂಲೆಗಳಲ್ಲಿ ಬೆಳ್ಳಿ ಬಣ್ಣ ಸುಲಿದು ಇಣುಕುವ ಕರಿಯ ಪ್ಲಾಸ್ಟಿಕ್. ಅಂಗೈ ಊರುವ ಜಾಗದಲ್ಲಿ ಎಡಕ್ಕೆ ಅಣ್ಣನ ಕೈಗಡಿಯಾರದ ಪಟ್ಟಿಯು ಸವೆಸಿದ ಕಲೆ, ಬಲಕ್ಕೆ ತಂಗಿಯ ಬಳೆಗಳು ಕೆರೆದ ಗೀರುಗಳು. ಹುಡುಗಿ ಅದನ್ನು ತರಗತಿಗೆ ಒಯ್ಯುವುದನ್ನೇ ಬಿಟ್ಟಿದ್ದಳು. ಹಾಸ್ಟೆಲಿನ ಮಂಚದ ಮೇಲಿಟ್ಟು ರಾತ್ರಿ ಮಾತ್ರ ತೆರೆಯುತ್ತಿದ್ದಳು. ಹಗಲು ಮೊಬೈಲಿನ ಪುಟ್ಟ ಪರದೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಹೊಸದನ್ನು ಕೇಳುವ ಹುಡುಗಿಯಲ್ಲ. ಬಿಲ್ವರದ ಕಥೆಯು ಆಕೆಗೂ ಗೊತ್ತು. "ಮಾಮಾ, ಇದಕ್ಕ ಬಣ್ಣಾ ಹಚ್ಚಸಲಿಕ್ಕೆ ಬರ್ತದೇನ್ರಿ?" ಎಂದು ಫೋನಿನಲ್ಲಿ ಒಮ್ಮೆ ಕೇಳಿದ್ದಳು, ಅಷ್ಟೆ. ನಾವು ಬೆಂಗಳೂರಿಗೆ ಹೋಗುವ ಬೇರೊಂದು ಕೆಲಸಕ್ಕೆ ಇದನ್ನೂ ಗಂಟು ಹಾಕಿಕೊಂಡೆವು.

ಎಸ್.ಪಿ. ರಸ್ತೆಯಲ್ಲಿ ಲ್ಯಾಪ್‌ಟಾಪಿನ ಮೈಗೆ ನಾಲ್ಕು ಹೆಸರುಗಳಿವೆ. ಇದನ್ನು ತಿಳಿಯದೆ ಹೋದವರು ಅಂಗಡಿಕಾರನ ಮಾತನ್ನು ಅರ್ಥಮಾಡಿಕೊಳ್ಳಲಾರರು. ಮುಚ್ಚಳದ ಹೊರಮೈ 'ಎ ಪ್ಯಾನಲ್', ಪರದೆಯ ಸುತ್ತಲಿನ ಚೌಕಟ್ಟು 'ಬಿ', ಕೀಲಿಮಣೆಯೂ ಅಂಗೈ ಊರುವ ಜಾಗವೂ ಸೇರಿದ್ದು 'ಸಿ', ನೆಲಕ್ಕೆ ತಾಗುವ ತಳಭಾಗ 'ಡಿ'. ಈ ನಾಲ್ಕೂ ಬಿಡಿಬಿಡಿಯಾಗಿ ಇಲ್ಲಿ ಸಿಗುತ್ತವೆ. ಕೆಟ್ಟುಹೋದ ಯಂತ್ರಗಳನ್ನು ಬಿಚ್ಚಿ, ಒಳ್ಳೆಯ ಭಾಗಗಳನ್ನು ಆರಿಸಿ, ಮಾದರಿಯ ಸಂಖ್ಯೆಯನ್ನು ಕಾಗದದ ಚೀಟಿಯಲ್ಲಿ ಬರೆದು ಅಂಟಿಸಿ, ಹಳೆಯ ಪುಸ್ತಕದಂಗಡಿಯವರು ಪುಸ್ತಕ ಜೋಡಿಸುವಂತೆ ಗೋಡೆಯುದ್ದಕ್ಕೂ ನಿಲ್ಲಿಸಿರುತ್ತಾರೆ. ನಾವು ಹೋದ ಮೊದಲ ಅಂಗಡಿಯವರು ನಮ್ಮ ಯಂತ್ರದ ಬೆನ್ನನ್ನು ತಿರುಗಿಸಿ ಸಂಖ್ಯೆ ಓದಿ, 'ಎ' ಇದೆ, 'ಸಿ' ಇಲ್ಲ, ತರಿಸಬೇಕಾದರೆ ಎರಡು ವಾರವೆಂದರು. ಎರಡನೆಯವರು ಬಣ್ಣದ ಗೊಡವೆಯೇ ಬೇಡ, ಮೇಲೆ ಅಂಟು ಹಾಳೆ ಹಚ್ಚಿಕೊಡುತ್ತೇನೆ ಎಂದು ಹೂಬಳ್ಳಿಯಿಂದ ಹುಲಿಯ ಮುಖದವರೆಗಿನ ಮಾದರಿಗಳನ್ನು ಹರಡಿದರು. ಇದಕ್ಕೆ ಇಲ್ಲಿ 'ಸ್ಕಿನ್' ಎನ್ನುತ್ತಾರೆ. ಕೆಲವು ನೂರು ರೂಪಾಯಿಗಳಲ್ಲಿ ಅರ್ಧ ತಾಸಿನೊಳಗೆ ಮುಗಿಯುವ ಕೆಲಸ. ಗೀರುಗಳಷ್ಟೇ ಇದ್ದವರಿಗೆ ಇದು ಸಾಕೆಂದು ನಮ್ಮ ಅಭಿಪ್ರಾಯ. ಆದರೆ ಬಣ್ಣ ಸುಲಿದ ಮೂಲೆಯ ಮೇಲೆ ಹಾಳೆ ಹೆಚ್ಚು ದಿನ ಹಿಡಿಯುವುದಿಲ್ಲ, ಮತ್ತು ಅಂಗೈಯ ಬೆವರು ಅದರ ಅಂಚನ್ನು ಬಹು ಬೇಗ ಎಬ್ಬಿಸುತ್ತದೆ. ಮೂರನೆಯವರು ಹಳೆಯದನ್ನು ತಮಗೆ ಕೊಟ್ಟು ನಲವತ್ತು ಸಾವಿರಕ್ಕೆ ಹೊಸದನ್ನು ಒಯ್ಯಿರೆಂದರು. ಹುಡುಗಿ ನಮ್ಮ ಮುಖ ನೋಡಲಿಲ್ಲ, ಮಳೆ ನೋಡಿದಳು.

ಅವರಲ್ಲಿಯೇ ವಯಸ್ಸಾದ ಒಬ್ಬರು, ಯಂತ್ರವನ್ನು ಚಾಲೂ ಮಾಡಿ, ಒಳಗಿನ ವಿಂಡೋಸ್ ಯಾವುದೆಂದು ನೋಡಿದರು. ಮೈಕ್ರೋಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲದ ಅವಧಿ 2025ರ ಅಕ್ಟೋಬರ್ 14ರ ತನಕ ಮಾತ್ರ. ಹನ್ನೊಂದಕ್ಕೆ ಏರಲಾರದ ಯಂತ್ರಕ್ಕೆ ಬಣ್ಣ ಬಳಿಸುವುದು ವ್ಯರ್ಥ ಖರ್ಚೆಂಬುದು ಅವರ ಲೆಕ್ಕ. ನಮ್ಮದು ಹನ್ನೊಂದಕ್ಕೆ ಏರಿತ್ತು. "ಹಾಗಾದರೆ ಬಣ್ಣ ಹಾಕಿಸಿ ಸಾರ್, ಇನ್ನೂ ಮೂರ್ನಾಲ್ಕು ವರ್ಷ ಓಡುತ್ತೆ" ಎಂದು ಹೇಳಿ, ಚೀಟಿಯಲ್ಲಿ ವಿಳಾಸವೊಂದನ್ನು ಬರೆದುಕೊಟ್ಟರು. ತಮಗೆ ವ್ಯಾಪಾರವಾಗದ ಕಡೆಗೆ ದಾರಿ ತೋರಿಸುವ ವರ್ತಕರು ಈ ಬೀದಿಯಲ್ಲಿ ಇನ್ನೂ ಇದ್ದಾರೆ.

ಜೆ.ಸಿ. ರಸ್ತೆಯು ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಇಳಿಯುತ್ತದೆ. ರವೀಂದ್ರ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಹೋಗುವವರಿಗೆ ಅದರ ಪರಿಚಯ ಒಂದು ಬಗೆ. ಮೋಟಾರು ವಾಹನದ ಬಿಡಿಭಾಗಗಳಿಗಾಗಿ ಹೋಗುವವರಿಗೆ ಇನ್ನೊಂದು ಬಗೆ. ಅಲ್ಲಿಂದ ಕಲಾಸಿಪಾಳ್ಯದ ಕಡೆಗೆ ಸರಿಯುವ ಓಣಿಯೊಂದರಲ್ಲಿ, ತಗಡಿನ ಮಾಡಿನ ಕೆಳಗೆ, ದ್ವಿಚಕ್ರ ವಾಹನಗಳ ಟ್ಯಾಂಕು ಮತ್ತು ಹೆಲ್ಮೆಟ್ಟುಗಳಿಗೆ ಬಣ್ಣ ಹಾಕುವ ಒಬ್ಬರು ಕುಳಿತಿದ್ದರು. ಲ್ಯಾಪ್‌ಟಾಪಿನ ಕೆಲಸವು ಅವರಿಗೆ ವಾರಕ್ಕೆ ಒಂದೋ ಎರಡೋ ಬರುತ್ತದಂತೆ. ಗೋಡೆಗೆ ತೂಗುಹಾಕಿದ ಟ್ಯಾಂಕುಗಳು ಸಾಲಾಗಿ ಹೊಳೆಯುತ್ತಿದ್ದವು. ಅವರು ನಮ್ಮ ಯಂತ್ರದ ಗೀರುಗಳನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಹಲಗೆಯ ಮೇಲೆ ಅದನ್ನಿಟ್ಟು, ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿದರು. ಯಂತ್ರವು ಕುಂಟು ಮಣೆಯಂತೆ ಅಲುಗಾಡಿತು. ಮುಚ್ಚಳ ತೆರೆದು, ಬೆರಳಾಡಿಸುವ ಚೌಕದ ಮೇಲೆ ಅಂಗೈಯಿಟ್ಟರು. ಅದು ನಡುವೆ ಉಬ್ಬಿ ಒಂದು ಅಂಚಿನಲ್ಲಿ ಮೇಲೆದ್ದಿತ್ತು.

"ಸಾರ್, ಬಣ್ಣ ಆಮೇಲೆ. ಮೊದಲು ಇದರ ಹೊಟ್ಟೆ ತೋರಿಸಿಕೊಂಡು ಬನ್ನಿ. ಒಳಗೆ ಬ್ಯಾಟರಿ ಊದಿದೆ" ಎಂದರು. ಮತ್ತೆ ಹುಡುಗಿಯ ಕಡೆಗೆ ತಿರುಗಿ, "ಇದನ್ನ ಎಲ್ಲಿಟ್ಟು ಚಾರ್ಜ್ ಮಾಡ್ತೀಯಮ್ಮಾ?" ಎಂದು ಕೇಳಿದರು.

"ಹಾಸಿಗಿ ಮ್ಯಾಲೆ" ಎಂದು ಆಕೆ ಮೆಲ್ಲನೆ ಹೇಳಿದಳು.

ಅವರು ಏನೂ ಅನ್ನಲಿಲ್ಲ. ಚಾರ್ಜರಿನ ತಂತಿಯನ್ನು ತಾವೇ ಸುತ್ತಿ, ಯಂತ್ರವನ್ನು ಆರಿಸಿ ನಮ್ಮ ಕೈಗೆ ಕೊಟ್ಟರು.

ವಾಚಕರ ಮನೆಗಳಲ್ಲಿಯೂ ಇಂಥ ಯಂತ್ರಗಳಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಬ್ಯಾಟರಿಗಳು ಲಿಥಿಯಂ ಅಯಾನ್ ಬಗೆಯವು. ತೆಳುವಾದ ಚೀಲದಂಥ ಹೊದಿಕೆಯೊಳಗೆ ಪದರ ಪದರವಾಗಿ ವಿದ್ಯುದ್ವಾರಗಳನ್ನೂ ದ್ರವವನ್ನೂ ತುಂಬಿರುತ್ತಾರೆ. ವಯಸ್ಸಾದಂತೆ, ಬಿಸಿಯೇರಿದಂತೆ, ಸದಾ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇದ್ದಂತೆ ಆ ದ್ರವವು ಒಡೆದು ಅನಿಲವಾಗುತ್ತದೆ. ಚೀಲ ಉಬ್ಬುತ್ತದೆ. ಲ್ಯಾಪ್‌ಟಾಪಿನಲ್ಲಿ ಅದರ ಜಾಗವು ಬಹುಮಟ್ಟಿಗೆ ಅಂಗೈ ಊರುವ ಭಾಗದ ಕೆಳಗೇ ಇರುವುದರಿಂದ, ಉಬ್ಬು ಮೊದಲು ಅಲ್ಲಿಯೇ ತೋರುತ್ತದೆ: ಬೆರಳಾಡಿಸುವ ಚೌಕವು ಏಳುತ್ತದೆ, ತಳ ಸಮನಾಗಿ ಕೂರುವುದಿಲ್ಲ, ಮುಚ್ಚಳ ಪೂರ್ತಿ ಮುಚ್ಚುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಹಳೆಯ ಪ್ಲಾಸ್ಟಿಕ್ ಸೊಟ್ಟಗಾದಂತೆಯೇ ಕಾಣುತ್ತದೆ. ಹಾಸಿಗೆಯ ಮೇಲಿಟ್ಟಾಗ ಗಾಳಿಯ ಕಂಡಿಗಳು ಮುಚ್ಚಿಕೊಂಡು ಬಿಸಿ ಇನ್ನಷ್ಟು ಏರುತ್ತದೆ. ಊದಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಬಾರದು; ಚೀಲ ಹರಿದರೆ ಬೆಂಕಿ ಹತ್ತುವ ಸಂಭವವಿದೆ. ಮನೆಯ ಕಸದ ಬುಟ್ಟಿಗೆ ಹಾಕುವುದೂ ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಬೇರೆಯಾಗಿಯೇ ಸಂಗ್ರಹಕಾರರಿಗೆ ಒಪ್ಪಿಸಬೇಕು.

ಮತ್ತೆ ಎಸ್.ಪಿ. ರಸ್ತೆಗೆ ಬಂದೆವು. ಚೀಟಿ ಬರೆದುಕೊಟ್ಟ ಹಿರಿಯರ ಅಂಗಡಿಯ ಮಹಡಿಯಲ್ಲಿ ಒಬ್ಬ ತರುಣ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಹನ್ನೊಂದು ತಿರುಪುಗಳನ್ನು ತೆಗೆದು ತಳವನ್ನು ಬಿಚ್ಚಿದ. ಮೂರು ಕೋಶಗಳ ಬ್ಯಾಟರಿಯಲ್ಲಿ ಒಂದು ಕೋಶ ದಿಂಬಿನಂತೆ ಉಬ್ಬಿತ್ತು. ಮರದ ಪಟ್ಟಿಯೊಂದರಿಂದ ಅದನ್ನು ಹಗುರವಾಗಿ ಎಬ್ಬಿಸಿ, ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟ. ಹುಡುಗಿಯು ಆ ಡಬ್ಬಿಯನ್ನೇ ಬಹಳ ಹೊತ್ತು ನೋಡುತ್ತಿದ್ದಳು. ಆ ರಾತ್ರಿ ಹಾಸ್ಟೆಲಿನಿಂದ ತಾಯಿಗೆ ಫೋನು ಮಾಡಿದಾಗ ಬಣ್ಣದ ಸುದ್ದಿಯನ್ನಷ್ಟೇ ಹೇಳಿದಳಂತೆ. ದಿಂಬಿನ ಸುದ್ದಿಯನ್ನು ನಾವು ಊರಿಗೆ ಹೋದ ಮೇಲೆ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ಬಿಚ್ಚಿದ 'ಎ' ಮತ್ತು 'ಸಿ' ಭಾಗಗಳನ್ನಷ್ಟೇ ಹಿಡಿದು ಬಣ್ಣದವರ ಓಣಿಗೆ ಹೋದೆವು. ಪರದೆ, ಕೀಲಿಮಣೆ, ತಾಯಿಹಲಗೆ ಎಲ್ಲವೂ ಎಸ್.ಪಿ. ರಸ್ತೆಯ ಮಹಡಿಯಲ್ಲಿಯೇ ಉಳಿದವು. ಬಣ್ಣದ ಧೂಳಿರುವ ಕಡೆಗೆ ಅವುಗಳನ್ನು ಒಯ್ಯಬಾರದೆಂಬುದು ಇಬ್ಬರೂ ಕುಶಲಕರ್ಮಿಗಳ ಒಮ್ಮತ. ಮನೆಯಲ್ಲಿಯೇ ಸ್ಪ್ರೇ ಡಬ್ಬಿಯನ್ನು ತಂದು, ಕಾಗದ ಹೊದಿಸಿ, ಇಡೀ ಯಂತ್ರದ ಮೇಲೆ ಬಣ್ಣ ಚಿಮುಕಿಸುವವರಿದ್ದಾರೆ. ಕಂಡಿಗಳಿಂದ ಒಳಗೆ ಹೋದ ಬಣ್ಣವು ಪಂಖದ ಅಲಗುಗಳ ಮೇಲೆ ಕುಳಿತರೆ ಆ ಯಂತ್ರದ ಆಯುಸ್ಸು ಮುಗಿಯಿತೆಂದು ತಿಳಿಯಬೇಕು.

ಅವರ ಕಾಯಕವನ್ನು ನೋಡುತ್ತ ಕುಳಿತ ಆ ಹಗಲು ನಮಗೆ ಬೆಂಗಳೂರಿನ ಬೇರಾವ ನೋಟಕ್ಕಿಂತಲೂ ಚೆನ್ನಾಗಿ ನೆನಪಿದೆ. ಮೊದಲು ಸಾಬೂನಿನ ನೀರು. ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆ. ಆರು ವರ್ಷಗಳ ಅಂಗೈಯೆಣ್ಣೆಯನ್ನು ತೆಗೆಯದೆ ಹಚ್ಚಿದ ಬಣ್ಣವು ಎಣ್ಣೆಯ ಮೇಲೆ ನಿಂತಿರುತ್ತದೆಯೇ ಹೊರತು ಪ್ಲಾಸ್ಟಿಕ್‌ನ ಮೇಲೆ ಅಲ್ಲ. ಉಗುರುಬಣ್ಣ ತೆಗೆಯುವ ಅಸಿಟೋನ್ ಏಕೆ ಬೇಡವೆಂದು ಹುಡುಗಿ ಕೇಳಿದಳು. ಅವರು ಮೂಲೆಯಲ್ಲಿ ಬಿದ್ದಿದ್ದ ಒಡೆದ ಪ್ಲಾಸ್ಟಿಕ್ ತುಂಡಿನ ಮೇಲೆ ಎರಡು ಹನಿ ಹಾಕಿ ತೋರಿಸಿದರು. ಕ್ಷಣದಲ್ಲಿ ಮೇಲ್ಮೈ ಬೆಲ್ಲದ ಪಾಕದಂತೆ ಅಂಟಾಯಿತು. ಲ್ಯಾಪ್‌ಟಾಪಿನ ಮೈಗೆ ಹೆಚ್ಚಾಗಿ ಬಳಸುವ ಎ.ಬಿ.ಎಸ್. ಜಾತಿಯ ಪ್ಲಾಸ್ಟಿಕ್ಕನ್ನು ಅಸಿಟೋನ್ ಕರಗಿಸಿಬಿಡುತ್ತದೆ.

ಬಳಿಕ ನೀರಿನಲ್ಲಿ ನೆನೆಸಿದ ಉಜ್ಜುಕಾಗದ. ಇದನ್ನು ಬಣ್ಣದವರು 'ವಾಟರ್ ಪೇಪರ್' ಎನ್ನುತ್ತಾರೆ. ನಾನೂರರ ಒರಟಿನಿಂದ ತೊಡಗಿ, ಎಂಟುನೂರು, ಸಾವಿರ ಎಂದು ನುಣುಪಿನ ಕಡೆಗೆ ಹೋಗುತ್ತಾರೆ. ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕೆಂದಿಲ್ಲ, ಸುಲಿದ ಜಾಗದ ಅಂಚು ಬೆರಳಿಗೆ ತಾಗದಂತಾಗಬೇಕು. ಆಳವಾದ ಗೀರುಗಳಿಗೆ ತೆಳುವಾಗಿ ಪಟ್ಟಿ ಹಾಕಿ, ಒಣಗಿಸಿ, ಮತ್ತೆ ಉಜ್ಜಿದರು. ಅವರು ಕಣ್ಣಿಗಿಂತ ಹೆಚ್ಚಾಗಿ ಬೆರಳಿನ ತುದಿಯಿಂದಲೇ ನೋಡುತ್ತಿದ್ದರು. 'ಸಿ' ಭಾಗದ ಒಳಮೈಯಲ್ಲಿ ಬೂದುಬೆಳ್ಳಿಯ ಲೇಪವೊಂದಿತ್ತು. ಅದನ್ನು ಮುಟ್ಟಲೇ ಇಲ್ಲ. ಅದು ಅಂದಕ್ಕಾಗಿ ಇರುವ ಬಣ್ಣವಲ್ಲ. ಯಂತ್ರದೊಳಗಿನ ವಿದ್ಯುತ್ಕಾಂತೀಯ ತರಂಗಗಳು ಹೊರಗೆ ಸೋರದಂತೆ ತಡೆಯುವ ಲೋಹದ ಪದರ.

ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರನ್ನು ಒಂದು ಕೈ ಹೊಡೆಯುವ ಹೊತ್ತಿಗೆ ಮಧ್ಯಾಹ್ನದ ಮಳೆ ಬಿರುಸಾಯಿತು. ಅವರು ಗನ್ನನ್ನು ಕೆಳಗಿಟ್ಟು, ಕಂಪ್ರೆಸರನ್ನು ನಿಲ್ಲಿಸಿ, ಚಹಾ ತರಿಸಿದರು. ಥಿನ್ನರು ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪಿಗೆ ಹನಿ ಹಿಡಿದು ಬಣ್ಣದೊಳಗೆ ಹಾಲಿನಂಥ ಮಸುಕು ಸೇರಿಕೊಳ್ಳುತ್ತದೆ. ನಿಧಾನವಾಗಿ ಆರುವ ಥಿನ್ನರನ್ನು ಬೆರೆಸಿದರೆ ತಕ್ಕಮಟ್ಟಿಗೆ ತಪ್ಪಿಸಬಹುದಂತೆ, ಆದರೆ ಮಳೆ ನಿಲ್ಲುವತನಕ ಕಾಯುವುದೇ ಸುಲಭವೆಂದು ಅವರ ಮತ. ಬೇಸಿಗೆಯಲ್ಲಿ ಬಂದಿದ್ದರೆ ಒಂದೇ ದಿನದಲ್ಲಿ ಕೊಡುತ್ತಿದ್ದೆನೆಂದರು. ನಮಗೆ ಅವಸರವಿರಲಿಲ್ಲ.

ಚಹಾದ ಹೊತ್ತಿನಲ್ಲಿ ಬಣ್ಣದ ಆಯ್ಕೆಯ ಮಾತು ಬಂತು. ಹುಡುಗಿಯ ಮನಸ್ಸು ಮೊದಲು ಹೊಳೆಯುವ ನೀಲಿ ಮೆಟಾಲಿಕ್ ಬಣ್ಣದ ಮೇಲಿತ್ತು. ಅವರು ಬೇಡವೆಂದರು. ಮುಚ್ಚಳದ ಮೇಲಂಚಿನಲ್ಲಿ, ಪರದೆಯ ಹಿಂದೆ, ವೈಫೈ ತರಂಗಗಳನ್ನು ಹಿಡಿಯುವ ಆಂಟೆನಾ ಪಟ್ಟಿಗಳಿರುತ್ತವೆ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಮ್ಮಿನ ಸಣ್ಣ ಹಳಕುಗಳಿರುವುದರಿಂದ ಅವು ತರಂಗಗಳಿಗೆ ಅಡ್ಡಿಯಾಗಬಹುದು. ಲೋಹದ ಮೈಯ ಲ್ಯಾಪ್‌ಟಾಪುಗಳಲ್ಲಿ ಎಲ್ಲಿಯಾದರೂ ಒಂದೆಡೆ ಪ್ಲಾಸ್ಟಿಕ್ ಕಿಟಕಿ ಬಿಟ್ಟಿರುವುದು ಇದೇ ಕಾರಣಕ್ಕೆ. ಹೆಲ್ಮೆಟ್ಟಿಗೆ ಬಣ್ಣ ಹಾಕುವವರಿಗೆ ಇಷ್ಟು ಹೇಗೆ ಗೊತ್ತೆಂದು ನಾವು ಕೇಳಿದೆವು. ಹಿಂದೊಮ್ಮೆ ಹಾಗೆ ಹಚ್ಚಿಕೊಟ್ಟ ಯಂತ್ರವೊಂದು ಮೂರನೆಯ ದಿನವೇ ತಿರುಗಿ ಬಂದಿತ್ತಂತೆ.

ಲೋಹದ ಮೈಗೆ ಬಣ್ಣ ಹಾಕುವ ತೊಂದರೆಯು ಹೆಸರಾಂತ ಕಂಪನಿಗಳನ್ನೂ ಬಿಟ್ಟಿದ್ದಲ್ಲ. ಮಡಚುವ ಗಣಕಗಳಲ್ಲಿ ಮೊದಲಿಗರ ಸಾಲಿನಲ್ಲಿರುವ 1982ರ ಗ್ರಿಡ್ ಕಂಪಾಸಿಗೆ ಮೆಗ್ನೀಸಿಯಮ್ ಮಿಶ್ರಲೋಹದ ಮೈಯಿತ್ತು. ಅದು ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿಯೂ ಪ್ರಯಾಣ ಮಾಡಿದೆ. ಆ್ಯಪಲ್ ಕಂಪನಿಯು 2001ರಲ್ಲಿ ಟೈಟಾನಿಯಮ್ ಮೈಯ ಪವರ್‌ಬುಕ್ಕನ್ನು ಹೊರತಂದಾಗ, ಅದರ ಮೇಲಿನ ಬಣ್ಣವು ಅಂಚುಗಳಲ್ಲಿಯೂ ಅಂಗೈ ತಾಗುವಲ್ಲಿಯೂ ಚಕ್ಕೆಯೇಳುತ್ತಿತ್ತೆಂಬುದು ಆ ಯಂತ್ರವನ್ನು ಬಳಸಿದವರಲ್ಲಿ ಪ್ರಸಿದ್ಧವಾದ ಸಂಗತಿ. ಹಲವರು ಅದಕ್ಕೆ ಮತ್ತೆ ಬಣ್ಣ ಹಚ್ಚಿಕೊಂಡರು. 2003ರಿಂದ ಆ ಕಂಪನಿಯು ಅಲ್ಯೂಮಿನಿಯಮ್ಮಿಗೆ ಹೊರಳಿತು. ಅಲ್ಯೂಮಿನಿಯಮ್ಮಿನ ಮೈಗೆ ಆನೊಡೈಸ್ ಮಾಡುತ್ತಾರೆ, ಎಂದರೆ ಲೋಹದ ಮೇಲ್ಮೈಯನ್ನೇ ವಿದ್ಯುತ್ತಿನ ಸಹಾಯದಿಂದ ಗಟ್ಟಿಯಾದ ಆಕ್ಸೈಡ್ ಪದರವಾಗಿ ಮಾರ್ಪಡಿಸುತ್ತಾರೆ. ಸುಲಿಯುವುದಕ್ಕೆ ಅಲ್ಲಿ ಮೇಲೆ ಹಚ್ಚಿದ ಬಣ್ಣವೇ ಇರುವುದಿಲ್ಲ. ಆದರೆ ಅದಕ್ಕೆ ಆಳವಾದ ಗೀರು ಬಿದ್ದರೆ ಓಣಿಯ ಬಣ್ಣದವರು ಮೊದಲಿನಂತೆ ಮಾಡಿಕೊಡಲಾರರು. ಅಂಥ ಯಂತ್ರವಿದ್ದವರು ಗೀರಿನೊಡನೆಯೇ ಬಾಳುವುದು ಮೇಲು.

ಕೊನೆಗೆ ಹುಡುಗಿ ಆರಿಸಿದ್ದು ಹೊಳಪಿಲ್ಲದ ದಟ್ಟ ಹಸಿರು. ನಮಗೆ ತಕ್ಷಣ ಕಲಘಟಗಿಯ ತೊಟ್ಟಿಲು ನೆನಪಾಯಿತು. ಅರಗಿನ ಬಣ್ಣದ ಆ ತೊಟ್ಟಿಲುಗಳು ಧಾರವಾಡ ಸೀಮೆಯಲ್ಲಿ ಮನೆಯಿಂದ ಮನೆಗೆ, ಅಕ್ಕನ ಕೂಸಿನಿಂದ ತಂಗಿಯ ಕೂಸಿಗೆ ಸಾಗುತ್ತಲೇ ಇರುತ್ತವೆ. ಈ ಹುಡುಗಿಯೂ ಇವಳಣ್ಣನೂ ಅಂಥದೊಂದು ಎರವಲು ತೊಟ್ಟಿಲಿನಲ್ಲಿಯೇ ಮಲಗಿದವರು. ಅದರ ಹಸಿರು ಇದಕ್ಕಿಂತ ತಿಳಿಯಾದದ್ದು ಎಂದು ಆಕೆ ನಮ್ಮನ್ನು ತಿದ್ದಿದಳು.

ಮಳೆ ನಿಂತ ಮೇಲೆ ಬಣ್ಣದ ಕೆಲಸ ಬೇಗ ಸಾಗಿತು. ಗನ್ನನ್ನು ಒಂದು ಗೇಣಿನ ದೂರದಲ್ಲಿ ಹಿಡಿದು, ಭಾಗದ ಅಂಚಿಗೆ ಮುಂಚೆಯೇ ಚಾಲೂ ಮಾಡಿ ಆಚೆಯ ಅಂಚನ್ನು ದಾಟಿಸಿ ನಿಲ್ಲಿಸುತ್ತಿದ್ದರು. ಮೊದಲ ಕೈ ಮಂಜಿನಂತೆ ಮಾತ್ರ. ಕೆಳಗಿನ ಪ್ರೈಮರು ಕಾಣುತ್ತಿರಬೇಕು. ಹಾಗೆ ಮೂರು ಕೈ. ದಪ್ಪವಾಗಿ ಒಂದೇ ಸಲ ಹಚ್ಚಿದರೆ ಬಣ್ಣ ಇಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ, ಭಾಗಗಳನ್ನು ಕೂಡಿಸುವ ಸಣ್ಣ ಕೊಕ್ಕೆಗಳು ಕೂರದೆ ಮುರಿಯುತ್ತವೆ. ತಿರುಪಿನ ರಂಧ್ರಗಳಿಗೂ ಕೊಕ್ಕೆಗಳಿಗೂ ಮಾಸ್ಕಿಂಗ್ ಟೇಪಿನ ಚೂರುಗಳನ್ನು ಚಿಮುಟದಿಂದ ಅಂಟಿಸಿದ್ದರು. ಆ ಕೆಲಸಕ್ಕೆ ಬಣ್ಣ ಹೊಡೆಯುವುದಕ್ಕಿಂತ ಹೆಚ್ಚು ಸಮಯ ಹಿಡಿದಿತ್ತು. ಅಂಗೈ ಊರುವ ಭಾಗಕ್ಕೆ ಮಾತ್ರ ಗಟ್ಟಿಕಾರಕ ಬೆರೆಸಿದ ಪಾರದರ್ಶಕ ಲ್ಯಾಕರನ್ನು ಇನ್ನೆರಡು ಕೈ ಹೊಡೆದರು. ಆಗ ಮುಖಕ್ಕೆ ದಪ್ಪನೆಯ ಮಾಸ್ಕು ಕಟ್ಟಿಕೊಂಡು, ನಮ್ಮನ್ನು ಓಣಿಯ ತುದಿಗೆ ಕಳಿಸಿದರು. ಆ ಗಟ್ಟಿಕಾರಕದ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕಿಲ್ಲದೆ ಇದೇ ಕೆಲಸ ಮಾಡುವ ಹುಡುಗರನ್ನು ಆ ಓಣಿಯಲ್ಲಿಯೇ ಕಂಡೆವೆಂಬುದನ್ನೂ ಇಲ್ಲಿ ಬರೆಯಬೇಕು.

ಶನಿವಾರ ಮಧ್ಯಾಹ್ನ ಎಸ್.ಪಿ. ರಸ್ತೆಯ ಮಹಡಿಯಲ್ಲಿ ಎಲ್ಲವನ್ನೂ ಕೂಡಿಸಿದ್ದಾಯಿತು. ಬಣ್ಣಕ್ಕೆ 1,800 ರೂಪಾಯಿ, ಹೊಸ ಬ್ಯಾಟರಿಗೆ 2,600, ಬಿಚ್ಚಿ ಕೂಡಿಸಿದ್ದಕ್ಕೆ 500. ಇದು ನಾವು ತೆತ್ತ ಲೆಕ್ಕ; ಮಾದರಿ ಬೇರೆಯಾದರೆ ಬೆಲೆಯೂ ಬೇರೆಯಾದೀತು. ಹತ್ತಿರದಿಂದ ನೋಡಿದರೆ ಬಲ ಮೂಲೆಯಲ್ಲಿ ಪಟ್ಟಿ ಹಾಕಿದ ಗುರುತು ಸಣ್ಣಗೆ ತೋರುತ್ತದೆ. ಕೀಲಿಗಳ ಮೇಲಿನ ಸವೆದ ಅಕ್ಷರಗಳು ಸವೆದೇ ಇವೆ, ಅವುಗಳಿಗೆ ಬಣ್ಣದವರ ಬಳಿ ಮದ್ದಿಲ್ಲ. ಕಂಪನಿಯ ಹೆಸರಿನ ಲೋಹದ ಅಕ್ಷರಗಳನ್ನು ಮತ್ತೆ ಅಂಟಿಸಲೇ ಎಂದು ತರುಣ ಕೇಳಿದಾಗ ಹುಡುಗಿ ಬೇಡವೆಂದಳು.

ತಳದ 'ಡಿ' ಭಾಗಕ್ಕೆ ಬಣ್ಣ ಹಾಕಿಸಿರಲಿಲ್ಲ. ಮಾದರಿಯ ಸಂಖ್ಯೆಯ ಚೀಟಿ ಅಲ್ಲಿರುತ್ತದೆ, ಅದನ್ನು ಮುಚ್ಚಿದರೆ ಮುಂದೆ ಬಿಡಿಭಾಗ ಹುಡುಕುವುದು ಕಷ್ಟ. ಅಲ್ಲದೆ ನೆಲಕ್ಕೆ ತಾಗುವ ಕಡೆಗೆ ಖರ್ಚೇಕೆಂಬುದು ನಮ್ಮ ಎಣಿಕೆಯಾಗಿತ್ತು. ಹುಡುಗಿಗೆ ಬೇರೆ ಕಾರಣವಿತ್ತು. ರಬ್ಬರಿನ ಕಾಲೊಂದರ ಪಕ್ಕದಲ್ಲಿ ಅವಳಣ್ಣ ಕೈವಾರದ ಮೊನೆಯಿಂದ ತನ್ನ ಡಿಪ್ಲೊಮಾದ ನೋಂದಣಿ ಸಂಖ್ಯೆಯನ್ನು ಕೊರೆದಿಟ್ಟಿದ್ದ. ಅದರ ಕೆಳಗೆ ಆಕೆ ತನ್ನದನ್ನೂ ಕೊರೆದಿದ್ದಳು, ಯಾವಾಗಲೋ.

ಬಣ್ಣ ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು. ಅಷ್ಟರತನಕ ಬಿಗಿಯಾದ ಚೀಲದಲ್ಲಿ ತುರುಕಬಾರದು, ಮೇಲೆ ಚೀಟಿ ಅಂಟಿಸಬಾರದು, ಸ್ಯಾನಿಟೈಸರು ಹಚ್ಚಿದ ಕೈಯಿಂದ ಒರೆಸಬಾರದು ಎಂದು ಬಣ್ಣದವರು ಹೇಳಿ ಕಳಿಸಿದ್ದರು. ಆದ್ದರಿಂದ ಸೋಮವಾರ ಆಕೆ ಅದನ್ನು ಹತ್ತಿಯ ಸೆರಗಿನ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಕೈಯಲ್ಲಿಯೇ ಹಿಡಿದು ತರಗತಿಗೆ ಹೋದಳು. ಈಗ ಚಾರ್ಜಿಗೆ ಹಾಕುವುದು ಮೇಜಿನ ಮೇಲೆ. ಹೋಗಬಯಸುವವರು ರವಿವಾರವನ್ನು ಬಿಟ್ಟು ಹೋಗಬೇಕು, ಅಂದು ಎಸ್.ಪಿ. ರಸ್ತೆಯ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಯಂತ್ರದೊಳಗಿನ ಬರಹ ಮತ್ತು ಚಿತ್ರಗಳ ಪ್ರತಿಯೊಂದನ್ನು ಮೊದಲೇ ಬೇರೆಡೆ ತೆಗೆದಿಟ್ಟು ಹೋಗುವುದು ಒಳಿತು. ಮಳೆಗಾಲವಾದರೆ ಮೂರು ದಿನ ಹಿಡಿಯಿರಿ.